ಮೊದಲ ಸುತ್ತು ಅವರ ಬಾಗಿಲಲ್ಲೇ

ಅಜ್ಜಂಪುರದಲ್ಲಿ ಯಾರು ತೀರಿಕೊಂಡರೂ, ಹಿರೇನಲ್ಲೂರಿನವರ ಕುರಿ ಕಳೆದರೂ, ತರೀಕೆರೆಯಲ್ಲಿ ಕಣ್ಣಿನ ತಪಾಸಣೆ ಇದ್ದರೂ, ಕಡೂರಿನಲ್ಲಿ ಸೀರೆಗೆ ರಿಯಾಯಿತಿ ಬಿಟ್ಟರೂ ನಮಗೆ ಮೊದಲು ಗೊತ್ತಾಗುವುದು ಮೊಬೈಲಿನಿಂದಲ್ಲ, ಮಹಬೂಬ್ ಸಾಬರ ಆಟೋದಿಂದ! ಆಟೋದ ತಲೆಯ ಮೇಲೆ ಎರಡು ಹಾರ್ನು, ಸೀಟಿನ ಕೆಳಗೆ ಬ್ಯಾಟರಿ, ಎಡಗೈಯಲ್ಲಿ ಮೈಕು. ಚೀಟಿ ಓದುವ ಮೊದಲು ಬಾಯಿಗೊಂದು ಲವಂಗ. ಅವರಿಗೀಗ ಐವತ್ತೆಂಟು, ಈ ಕೆಲಸಕ್ಕೆ ಇಪ್ಪತ್ತೆಂಟು. ಎದುರುಮನೆಯವಳಾದ ನಾನು ಲಾಲಿಗಿಂತ ಹೆಚ್ಚಾಗಿ ಆ ದನಿಯನ್ನೇ ಕೇಳಿ ಬೆಳೆದವಳು.

ಕಾಲೇಜಿನಲ್ಲಿ ‘ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಬೇಕೇ’ ಅಂತ ಡಿಬೇಟು ಇಟ್ಟಿದ್ದರು. ನಾನು ಸಂವಿಧಾನ, ಕೋರ್ಟು, ತೀರ್ಪು ಅಂತ ಇಂಗ್ಲಿಷಿನಲ್ಲಿ ಹತ್ತು ಪುಟ ನೋಟ್ಸ್ ಮಾಡಿಕೊಂಡು, ದಿನವಿಡೀ ಮಾತಾಡುವ ಮನುಷ್ಯನನ್ನೇ ಒಂದು ಮಾತು ಕೇಳೋಣ ಅಂತ ಅವರ ಆಟೋ ಹತ್ತಿದೆ.

“ಸಾಬ್ರೇ, ಯಾರು ಏನ್ ಬರ್ಕೊಟ್ರೂ ಓದ್ತೀರಾ?”

“ಒಂದಕ್ಷರ ಬಿಡಲ್ಲ ಕಣಮ್ಮಾ. ಆದ್ರೆ ಕೊನೇಲಿ ಬರ್ದೋರ ಹೆಸ್ರು ಹೇಳ್ತೀನಿ. ಇನ್ನೊಬ್ರ ಮೇಲೆ ದೂರಿದ್ರೆ, ಮೊದಲ್ನೇ ಸುತ್ತು ಅವ್ರ ಬಾಗ್ಲಲ್ಲೇ. ಬರ್ದೋರೂ ಜೊತೆಗೆ ಬರ್ಬೇಕು.”

ಅಷ್ಟೇ ಅವರ ಕಾನೂನು! ಮಾತಾಡುತ್ತಿರುವಾಗಲೇ ಹೋಟೆಲಿನ ಹಾಲೇಶ್ ಒಂದು ಚೀಟಿ ತಂದ. ಓಂಕಾರಮೂರ್ತಿ ತನ್ನ ಗಾಣದಲ್ಲಿ ಕೊಬ್ಬರಿ ಎಣ್ಣೆಗೆ ಬೇರೆ ಎಣ್ಣೆ ಬೆರೆಸುತ್ತಾನೆ ಅಂತ ಅದರಲ್ಲಿತ್ತು.

“ಹತ್ತು, ಹೋಗಣ,” ಅಂದರು ಸಾಬರು.

“ನಾನ್ಯಾಕೆ?”

“ಅವ್ನ ಗಾಣದ ಮುಂದೆ ನಿಂತು ಓದ್ಬೇಕಲ್ಲ! ನೀನು ಬೆರೆಸೋದು ಕಣ್ಣಾರೆ ನೋಡಿದ್ಯಾ?”

ಹಾಲೇಶ್ ತಲೆ ಕೆರೆದುಕೊಂಡ. “ಯಾರೋ ಅಂದ್ರು... ಸ್ವಲ್ಪ ತಿದ್ಕೊಂಡು ಬತ್ತೀನಿ ಬಿಡಿ ಸಾಬ್ರೇ.”

ಚೀಟಿ ಮತ್ತೆ ಅವನ ಜೇಬು ಸೇರಿತು. ನಾನು ನಗು ತಡೆಯುತ್ತಿರುವಾಗಲೇ ಕೋಲೂರಿಕೊಂಡು ತಿಮ್ಮಕ್ಕ ಟೀಚರ್ ಬಂದರು. ಎಂಬತ್ತು ವರ್ಷ, ಸಾಬರಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಈಗಲೂ ತಮ್ಮ ಜಗಲಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳುತ್ತಾರೆ. ಚೀಟಿ ಕೊಟ್ಟು, “ಓದೋ,” ಅಂದರು.

ಸಾಬರು ಮನಸ್ಸಿನಲ್ಲೇ ಓದಿಕೊಂಡರು. ಲವಂಗ ಅಗಿಯುವುದು ನಿಂತೇಹೋಯಿತು. ನಾನೂ ಹಾಲೇಶನೂ ಇಣುಕಿ ನೋಡಿದರೆ, ಚೀಟಿ ಇದ್ದದ್ದು ಸಾಬರ ಮೇಲೆಯೇ!

ಇದನ್ನು ಮೈಕಿನಲ್ಲಿ ಸಾರಿದರೆ ಊರವರೆಲ್ಲ ಹೌದು ಹೌದು ಅಂದು ಠಾಣೆಗೆ ಅರ್ಜಿ ಕೊಟ್ಟಾರು, ಮೈಕಿನ ಪರವಾನಗಿಯೇ ಹೋಗಬಹುದು. ಅವರ ಅನ್ನ ಅದರಲ್ಲೇ ಇದೆ. ಓದದಿದ್ದರೆ? ಇಪ್ಪತ್ತೆಂಟು ವರ್ಷದ ನಿಯಮ ಹೋಗುತ್ತದೆ.

“ಏನ್ ಸಾಬ್ರೇ, ನಮಗೊಂದ್ ನ್ಯಾಯ, ನಿಮಗೊಂದ್ ನ್ಯಾಯನಾ?” ಹಾಲೇಶ್ ಹಲ್ಲು ಕಿಸಿದ.

ಸಾಬರು ಅವನನ್ನು ನೋಡಿದರು, ಟೀಚರನ್ನು ನೋಡಿದರು. “ಹತ್ತಿ ಟೀಚರ್ರೇ,” ಅಂದು ಆಟೋ ತಿರುಗಿಸಿದರು. ಎಲ್ಲಿಗೆ? ತಮ್ಮದೇ ಮನೆ ಬಾಗಿಲಿಗೆ!

“ಸಾರ್ವಜನಿಕರ ಗಮನಕ್ಕೆ! ಮಹಬೂಬ್ ಸಾಬನ ಮೈಕಿನ ಗದ್ದಲದಿಂದ ಪರೀಕ್ಷೆಗೆ ಓದುವ ಮಕ್ಕಳಿಗೆ ಒಂದು ಲೆಕ್ಕವೂ ತಲೆಗೆ ಹತ್ತುತ್ತಿಲ್ಲ. ಮೂರನೇ ಕ್ಲಾಸಿನಲ್ಲೂ ಅವನು ಹೀಗೇ ಗದ್ದಲ ಮಾಡುತ್ತಿದ್ದ. ಇಂತಿ, ತಿಮ್ಮಕ್ಕ, ನಿವೃತ್ತ ಶಿಕ್ಷಕಿ.”

ಬೀದಿಯಲ್ಲಿ ಎಲ್ಲ ಬಾಗಿಲೂ ತೆರೆದವು. ಸಾಬರ ಹೆಂಡತಿ ಸರ್ವರ್ ಬೇಗಂ ಅಕ್ಕಿಯ ಮೊರ ಹಿಡಿದುಕೊಂಡೇ ಹೊರಬಂದರು.

“ಇಪ್ಪತ್ತೆಂಟು ವರ್ಷದಿಂದ ನಾನೂ ಅದೇ ಹೇಳ್ತಿದೀನಿ, ಕಿವಿಗ್ ಬಿತ್ತಾ? ಕೊನೇಲಿ ನನ್ ಹೆಸ್ರೂ ಸೇರ್ಸ್ರೀ!”

ನಿಯಮ ನಿಯಮವೇ. ಸಾಬರು ಪೆಚ್ಚುಮೋರೆಯಲ್ಲಿ ಮತ್ತೆ ಮೈಕು ಎತ್ತಿದರು: “ಜೊತೆಗೆ, ಸರ್ವರ್ ಬೇಗಂ. ಇದೇ ಮನೆ.”

ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಬರು ಮಾತ್ರ ನಗಲಿಲ್ಲ. ಮೈಕು ಆಫ್ ಮಾಡಿ, “ಟೀಚರ್ರೇ, ಬಾಯಿ ಮುಚ್ಕೊಂಡ್ರೆ ನಾನ್ ಊಟಕ್ಕೇನ್ ಮಾಡ್ಲಿ?” ಅಂದರು.

“ಮುಚ್ಕೋ ಅಂದೋರ್ ಯಾರೋ? ನಿನ್ ಮಾತು ನಿಂದು ಕಣೋ, ಹೇಳು. ಮಕ್ಕಳ ಕಿವಿ ಮಕ್ಕಳದು, ಅದುನ್ನ ಅವಕ್ಕೆ ಬಿಡು.”

ನನ್ನ ಹತ್ತು ಪುಟದಲ್ಲಿ ಇದು ಇರಲೇ ಇಲ್ಲ!

ಆಮೇಲೆ ಆಟೋ ನೇರ ಟೀಚರ ಜಗಲಿಯ ಮುಂದೆ ನಿಂತಿತು. ಟೀಚರ್ ಹೇಳಿದ ಉಪಾಯ ಇಷ್ಟೇ: ಸಾಬರು ಚೀಟಿ ಓದುತ್ತಾ ಓದುತ್ತಾ ಶಬ್ದದ ಗುಂಡಿ ತಿರುಗಿಸಿ ಸ್ವಲ್ಪ ಸ್ವಲ್ಪವೇ ತಗ್ಗಿಸಬೇಕು. ಲೆಕ್ಕ ಮಾಡಲಾಗುವಷ್ಟು ತಗ್ಗಿದಾಗ ಮಕ್ಕಳು ಕೈ ಎತ್ತಬೇಕು. ಒಂದು ಕೈ, ಮೂರು ಕೈ, ಎಲ್ಲ ಕೈ! ಅಲ್ಲಿಗೆ ಸರ್ವರ್ ಬೇಗಂ ತಮ್ಮ ಮಗಳು ರುಬೀನಾಳ ನೇಲ್ ಪಾಲಿಶ್ ತಂದು ಗುಂಡಿಯ ಪಕ್ಕ ಕೆಂಪು ಗೀಟು ಎಳೆದೇಬಿಟ್ಟರು.

ಠಾಣೆಗೆ ಯಾವ ಅರ್ಜಿಯೂ ಹೋಗಲಿಲ್ಲ. ಸಂಜೆ ಹಾಲೇಶ್ ತಿದ್ದಿದ ಚೀಟಿ ತಂದ: “ಓಂಕಾರಮೂರ್ತಿಯವರೇ, ನನಗೆ ಅನುಮಾನ ಇದೆ, ಎಣ್ಣೆ ತೆಗೆಯುವುದನ್ನು ಎದುರಿಗೇ ತೋರಿಸಿ.” ಈ ಸಲ ಅವನು ತಾನಾಗಿಯೇ ಆಟೋ ಹತ್ತಿದ.

ಮರುದಿನ ಬೆಳಿಗ್ಗೆ ಸಾಬರು ಕೆಂಪು ಗೀಟು ದಾಟದೆ, ಮೆತ್ತಗೆ, ಹಿರೇನಲ್ಲೂರಿನ ಕುರಿ ಕಳೆದ ಸುದ್ದಿ ಸಾರುತ್ತಾ ಬಂದರು. ಜಗಲಿಯಿಂದ ಟೀಚರ್ ಕೂಗಿದರು:

“ಲೇ ಮಹಬೂಬಾ, ಯಾವ್ ಬಣ್ಣದ್ದು ಅಂದ್ಯೋ? ಕೇಳ್ಲೇ ಇಲ್ಲ!”

ಸಾಬರು ಮೈಕು ಪಕ್ಕಕ್ಕಿಟ್ಟು, ಆಟೋ ಇಳಿದು ಹೋಗಿ, ಅವರ ಕಿವಿಯಲ್ಲಿ ಹೇಳಿದರು: “ಕರೀದು ಟೀಚರ್ರೇ.”