ಖುಷ್ಕಿಯವಳು ಬೇಡವೆಂದ ನೀರು

ನೀರು ಬೇಡ ಅಂದವಳು ನಾನು. ಅದಕ್ಕೇ ತುರ್ವಿಹಾಳದಲ್ಲಿ ನನಗೆ ಹುಚ್ಚಿ ಎಂದು ಹೆಸರು ಬಿತ್ತು. ಬೀಳಲಿ, ಆ ಹೆಸರಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ನನ್ನ ತವರು ಪಾಮನಕಲ್ಲೂರು. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಅಂಥ ಹೊಲಕ್ಕೆ ನಮ್ಮ ಕಡೆ ಖುಷ್ಕಿ ಅನ್ನುತ್ತಾರೆ. ಕಾಲುವೆ ನೀರಿನ ತುರ್ವಿಹಾಳಕ್ಕೆ ಸೊಸೆಯಾಗಿ ಬಂದ ದಿನದಿಂದ ಆ ಪದ ನನಗೇ ಅಂಟಿಕೊಂಡಿತು. ಅನ್ನ ಸ್ವಲ್ಪ ಮೆತ್ತಗಾದರೆ ಸಾಕು, "ಖುಷ್ಕಿಯಾಕಿಗೆ ನೀರಿನ ಅಳತಿ ಎಲ್ಲಿ ಗೊತ್ತಿರ್ತೈತಿ?" ಎಂದು ಅತ್ತೆ ನಗುತ್ತಿದ್ದರು. ನಾನು ಮಸ್ಕಿಯಲ್ಲಿ ಪಿಯುಸಿ ವಿಜ್ಞಾನ ಓದಿದವಳು. ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ಬಾಯಿ ತೆರೆಸಿದ್ದು ಹೊಲ. ಇದ್ದದ್ದು ಮೂರೇ ಎಕರೆ, ವರ್ಷಕ್ಕೆರಡು ಸಲ ಭತ್ತ. ತಗ್ಗಿನ ಮೂಲೆಯಲ್ಲಿ ನೆಲ ಉಪ್ಪು ಬಿಟ್ಟು ಬೆಳ್ಳಗಾಗುತ್ತ ಬಂದಿತ್ತು. ಸವುಳು. ಮೊದಲು ಮಂಚದಗಲ, ಆಮೇಲೆ ಅರ್ಧ ಹೊಲ. ಅಲ್ಲಿ ಭತ್ತದ ಸಸಿ ನಿಂತಲ್ಲೇ ಸುಟ್ಟುಹೋಗುತ್ತಿತ್ತು. ಹೀಗೇ ಬಿಟ್ಟರೆ ಉಳಿದರ್ಧವೂ ಹೋಗಿ ಹುಲ್ಲು ಕೂಡ ಹುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಗಂಡನಿಗೆ ಲಿಂಗಸುಗೂರಿನಲ್ಲಿ ನೌಕರಿ, ಬರುವುದು ಭಾನುವಾರ. ಹೊಲ ನೋಡುವವರೆಂದರೆ ಅತ್ತೆ ಮತ್ತು ನಾನು.

ಸವುಳಿಗೆ ಊರಲ್ಲೆಲ್ಲ ಒಂದೇ ಔಷಧ: ಇನ್ನಷ್ಟು ನೀರು ಬಿಡು, ತೊಳೆದು ಹೋಗುತ್ತದೆ. ಅತ್ತೆಯೂ ಬಿಟ್ಟರು. ಪ್ರತಿ ಸಲ ಹೊಲ ಇನ್ನಷ್ಟು ಬೆಳ್ಳಗಾಯಿತು.

ಒಂದು ದಿನ ನಾನು ಆ ಮೂಲೆಯಲ್ಲಿ ಮೊಳಕಾಲಾಳದ ಗುಂಡಿ ತೋಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದರ ಅರ್ಧಕ್ಕೆ ನೀರು ಬಂದು ನಿಂತಿತ್ತು. ಬೆರಳದ್ದಿ ನಾಲಿಗೆಗಿಟ್ಟೆ. ಥೂ, ಬರೀ ಉಪ್ಪು! ನೀರು ಎಲ್ಲಿದೆ ಎಂದು ಕೇಳಿದರೆ ಇಲ್ಲಿ ಎಲ್ಲರೂ ಕಾಲುವೆಯ ಕಡೆ ಕೈ ತೋರಿಸುತ್ತಾರೆ. ನಮ್ಮ ಕಾಲ ಕೆಳಗೇ ತುಂಬಿಕೊಂಡಿದ್ದ ನೀರನ್ನು ಯಾರೂ ನೋಡಿರಲಿಲ್ಲ.

ಅತ್ತೆಯನ್ನು ಬಚ್ಚಲಿಗೆ ಕರೆದೆ. ಬೋರಿನ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿತ್ತು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅವರ ರಟ್ಟೆ ಬಿದ್ದುಹೋಗುತ್ತಿತ್ತು.

"ಅತ್ತೀ, ನೀರು ಉಗಿ ಆಗಿ ಮ್ಯಾಲ ಹೋತು. ಇದು ಹೋತೇನ್ರಿ?"

"ಅದ್ಹೆಂಗ ಹೋಗ್ತೈತಿ? ತಳದಾಗ ಕುಂತೈತಲ್ಲ."

"ಹೊಲದಾಗೂ ಹಂಗ ಕುಂತೈತ್ರಿ. ಬಿಸಲು ನೀರಷ್ಟ ಎತ್ಕೊಂಡು ಹೋಗ್ತೈತಿ, ಉಪ್ಪು ನಮಗ ಬಿಟ್ಟು ಹೋಗ್ತೈತಿ. ನಾವು ಮತ್ತ ನೀರು ತುಂಬ್ತೀವಿ, ಕೆಳಗಿನ ಉಪ್ಪುನೀರು ಇನ್ನಷ್ಟು ಮ್ಯಾಲ ಬರ್ತೈತಿ. ಅದ ನೀರು ಮೋಡ ಆಗಿ, ಮಳಿ ಆಗಿ ಬಿದ್ರ ಅದರಾಗ ಉಪ್ಪಿರಂಗಿಲ್ಲ. ಮಳಿ ತೊಳೀಲಿ. ಕಾಲುವಿ ನೀರು ಬ್ಯಾಡ, ಜೋಳ ಬಿತ್ತೂಣು."

"ನೀರಾವರಿ ಹೊಲದಾಗ ಜೋಳ? ಮಂದಿ ಮಾರಿ ಮ್ಯಾಲ ಉಗಳ್ತಾರ! ಮಾನಾ ಕಳಿಯಾಕ ಬಂದೀಯೇನು ನಮ್ಮ ಮನಿಗೆ?"

"ಉಗಳ್ಲಿ. ಹೊಲ ಸಾಯಾಕತ್ತೈತಿ ಅತ್ತೀ. ಮಂದಿ ಬಂದು ಬದುಕಸ್ತಾರೇನು?"

ಕಾಲುವೆಗೆ ನೀರು ಬಿಟ್ಟ ದಿನ ನಮ್ಮ ಹೊಲಕ್ಕೆ ನೀರು ಬರುವ ಬಾಯಿಗೆ ಕಲ್ಲು ಮಣ್ಣು ಬಡಿದು ನಾನೇ ಮುಚ್ಚಿದೆ. ಸುತ್ತಲೂ ಆಳವಾದ ಬಸಿಗಾಲುವೆ ಅಗೆಸಿ, ಒಳಗಿನ ನೀರು ಹಳ್ಳಕ್ಕೆ ಬಸಿದುಹೋಗಲು ದಾರಿ ಮಾಡಿದೆ. ನೀರಿಗಾಗಿ ಹೊಡೆದಾಡುವ ಊರಿನಲ್ಲಿ ಬಂದ ನೀರನ್ನು ತಡೆದವಳನ್ನು ನೋಡಲು ಜನ ಬೈಕು ನಿಲ್ಲಿಸಿದರು. "ಮಾಡಿದ್ದು ನೀನ ಉಣ್ಣು" ಎಂದು ಅತ್ತೆ ಕೈ ಝಾಡಿಸಿದರು. ಗಂಡ ಬಂದವರು, "ನಿಮ್ಮಿಬ್ಬರ ನಡುವ ನಾ ಬರಂಗಿಲ್ಲ" ಎಂದು ಚಹಾ ಕುಡಿದು ಹೋದರು. ಎಂಥ ಧೈರ್ಯಸ್ಥರು!

ಮೊದಲ ವರ್ಷ ಬಿಳಿ ನೆಲದಲ್ಲಿ ಜೋಳ ಗೇಣುದ್ದವೂ ಏಳಲಿಲ್ಲ. ಅತ್ತೇಬಿಟ್ಟೆ. ಆದರೆ ಮುಚ್ಚಿದ ಹೊಲದ ಬಾಯಿ ತೆರೆಯಲಿಲ್ಲ. ಎರಡನೆಯ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಹಳ್ಳಕ್ಕೆ ಬಸಿಯುತ್ತಿದ್ದ ನೀರನ್ನು ನಾಲಿಗೆಗಿಟ್ಟು ನೋಡಿದೆ. ಉಪ್ಪು! ನನ್ನ ಹೊಲದ ಉಪ್ಪು ಹೊರಟಿತ್ತು. ಮಳೆಯಲ್ಲೇ ನಿಂತು ಒಬ್ಬಳೇ ನಕ್ಕೆ. ಮಳೆ ಮುಗಿದ ಮೇಲೆ ಬಿತ್ತಿದ ಜೋಳ ಆ ಮೂಲೆಯಲ್ಲೂ ವಿರಳವಾಗಿ, ಮೊಳಕಾಲುದ್ದ ಎದ್ದಿತು.

ಆಗ ಒಂದು ಬೆಳಿಗ್ಗೆ ಹೊಲದಿಂದ ಕೂಗಾಟ ಕೇಳಿತು. ಪಕ್ಕದ ಹೊಲದವನು ತನ್ನ ಭತ್ತಕ್ಕೆ ಹೆಚ್ಚಾದ ನೀರನ್ನು ನಮ್ಮ ಕಡೆ ಬಿಡಲು ಬದು ಕಡಿದಿದ್ದ. ಅತ್ತೆ ದಿನಾ ನನಗಿಂತ ಮೊದಲೇ ಹೋಗಿ ಆ ಜೋಳ ನೋಡಿ ಬರುತ್ತಿದ್ದರೆಂದು ನನಗೇನು ಗೊತ್ತು? ನಾನು ಓಡಿ ಹೋಗುವಷ್ಟರಲ್ಲಿ ಅವರು ಸೀರೆ ಎತ್ತಿ ಕಟ್ಟಿ, ಕಡಿದ ಜಾಗಕ್ಕೆ ಅಡ್ಡವಾಗಿ ನೀರಿನಲ್ಲೇ ಕೂತಿದ್ದರು.

"ಪುಕ್ಕಟ ನೀರು ಬೇ ಯವ್ವಾ, ಯಾಕ ಬ್ಯಾಡಂತಿ?" ಎಂದು ಅವನು ಕೇಳುತ್ತಿದ್ದ.

"ಬ್ಯಾಡಂದ್ರ ಬ್ಯಾಡಲೇ! ಸತ್ತ ಹೊಲ ನಮ್ಮ ಸೊಸಿ ಎಬ್ಬಿಸ್ಯಾಳ. ನೀರು ಬಿಡಾದಿದ್ರ ನನ್ನ ಮ್ಯಾಲ ಹಾಯ್ಸಿ ಬಿಡು, ನೋಡೂಣು!"

ನೀರು ಅವರ ಸೊಂಟಕ್ಕೆ ಬಡಿದು ಎರಡೂ ಪಕ್ಕದಿಂದ ಒಳಗೆ ನುಗ್ಗತೊಡಗಿತ್ತು. ನಾನು ನಿಂತಲ್ಲೇ ನಿಂತಿದ್ದೆ.

"ಏನ್ ನೋಡಾಕತ್ತೀ ಬೇ? ಮಣ್ಣು ತಾ ಲಗೂನ!" ಎಂದು ನನ್ನ ಮೇಲೂ ಒದರಿದರು.

ಬುಟ್ಟಿ ತುಂಬಿಕೊಂಡು ಓಡಿದೆ. ಅವನು ನೋಡುತ್ತಿದ್ದಂತೆಯೇ ಇಬ್ಬರೂ ಸೇರಿ ಆ ಬದುವನ್ನು ತುಳಿದು ತುಳಿದು ಮುಚ್ಚಿದೆವು.