ಕೈ ಹಿಂದಕ್ಕೆ ಕಟ್ಟಿಕೊಂಡು ಕಲಿಸುವುದು

ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬ ಹುಡುಗ, ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ, ಬ್ಯೂರೆಟ್ಟನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಲು ಹೆಣಗುತ್ತಿದ್ದ. ಅವನ ರೆಕಾರ್ಡ್ ಪುಸ್ತಕ ತೆರೆದು ನೋಡಿದೆ. ಮುತ್ತಿನಂಥ ಅಕ್ಷರ, ಪ್ರತಿ ಪ್ರಯೋಗಕ್ಕೂ ಸರಿಯಾದ ಉತ್ತರ. ಪರೀಕ್ಷೆ ಮುಗಿದ ಮೇಲೆ ಕರೆದು ವಿಚಾರಿಸಿದೆ.

"ವರ್ಷವೆಲ್ಲ ರಿಸರ್ಚ್ ಅಕ್ಕಂದಿರೇ ಮಾಡಿಕೊಡ್ತಿದ್ರು ಮೇಡಂ. ನಾವು ರೀಡಿಂಗ್ ಬರ್ಕೊಳ್ತಿದ್ವಿ" ಎಂದ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಲ್ಯಾಬ್ ಅಂದರೆ ಹೀಗೇ ಇರುತ್ತದೆ ಎಂದು ಅವನು ತಿಳಿದಿದ್ದ.

ನಾನು ಅರಸೀಕೆರೆಯ ಹೊರಗಿರುವ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದವರನ್ನು ಪ್ರತಿ ವರ್ಷ ಡಿಗ್ರಿ ಮಕ್ಕಳ ಲ್ಯಾಬಿಗೆ ಬೋಧನಾ ಸಹಾಯಕರಾಗಿ ಕಳಿಸುವುದು ನಮ್ಮಲ್ಲಿ ವಾಡಿಕೆ. ಅವರಿಗೆ ಒಂದು ಬಿಳಿ ಕೋಟು, ಒಂದು ಹಾಜರಿ ಪುಸ್ತಕ ಕೊಡುತ್ತಿದ್ದೆವು. ಕಲಿಸುವುದು ಹೇಗೆ ಎಂದು ಯಾರೂ ಹೇಳಿಕೊಡುತ್ತಿರಲಿಲ್ಲ. ಆ ಹುಡುಗನ ಮುಖ ಕಣ್ಣ ಮುಂದೆ ಇರುವಾಗಲೇ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಅರಸೀಕೆರೆಯ ಕೊಬ್ಬರಿ ಮಂಡಿಯ ಮನೆತನದವರು. ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ.

"ಹೊಸಬರಿಗೆ ಮೊದಲು ತರಬೇತಿ ಕೊಡೋಣ ಸರ್" ಎಂದೆ.

"ನೋಡಮ್ಮ, ನನಗೆ ಯಾರು ತರಬೇತಿ ಕೊಟ್ಟಿದ್ರು? ನಿಮಗೆ ಯಾರು ಕೊಟ್ಟಿದ್ರು?"

"ಯಾರೂ ಕೊಡಲಿಲ್ಲ ಸರ್. ಅದಕ್ಕೇ ಕೇಳ್ತಿದ್ದೀನಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಂದು ವಾರ ತಗೊಳ್ಳಿ. ಮೊದಲನೇ ಪ್ರಾಕ್ಟಿಕಲ್ ದಿನ ನಾನೇ ಬಂದು ನೋಡ್ತೀನಿ. ಕೆಲಸ ಕೆಟ್ಟರೆ ಮುಂದೆ ಈ ಮಾತು ಎತ್ತಬಾರದು."

ಆ ಸಲ ಬಂದ ಹೊಸಬರಲ್ಲಿ ಇಬ್ಬರು ಮೊದಲ ದಿನವೇ ನನ್ನ ಗಮನ ಸೆಳೆದರು. ಒಬ್ಬ ಹಗರೆ ಎಂಬ ಊರಿನ ಹುಡುಗ. ಚೆನ್ನಾಗಿ ಮಾತಾಡುತ್ತಿದ್ದ, ಎಷ್ಟು ಚೆನ್ನಾಗಿ ಎಂದರೆ ಪ್ರಶ್ನೆ ಕೇಳಿ ಉತ್ತರವನ್ನೂ ತಾನೇ ಹೇಳಿ ಮುಗಿಸಿಬಿಡುತ್ತಿದ್ದ. ಇನ್ನೊಬ್ಬಳು ಮಾದಿಹಳ್ಳಿಯ ಸೊಸೆ. ಮದುವೆ, ಮಗು, ಹಸು, ತೋಟ ಎಂದು ಕೆಲವು ವರ್ಷ ಓದು ಬಿಟ್ಟಿದ್ದು, ಈಗ ಹಟ ಹಿಡಿದು ಮರಳಿ ಬಂದಿದ್ದಳು. ದಿನವೂ ಹಳೇಬೀಡಿಗೆ ಬಂದು, ಅಲ್ಲಿಂದ ಅರಸೀಕೆರೆಯ ಬಸ್ಸು ಹಿಡಿಯುತ್ತಿದ್ದಳು. ಅವಳ ಕೈಚುರುಕು ನಾನು ಕಂಡವರಲ್ಲಿ ಯಾರಿಗೂ ಇರಲಿಲ್ಲ. ಅದೇ ತೊಂದರೆಯಾಯಿತು.

ತರಬೇತಿಯಲ್ಲಿ ನಾನು ಏನೂ ಬಾರದ ವಿದ್ಯಾರ್ಥಿನಿಯ ಪಾತ್ರ ವಹಿಸುತ್ತಿದ್ದೆ, ಅವರು ಸರದಿಯ ಮೇಲೆ ನನಗೆ ಕಲಿಸಬೇಕಿತ್ತು. ಅವಳ ಸರದಿ ಬಂದಾಗ ಪಿಪೆಟ್ಟಿನಲ್ಲಿ ನೀರು ಎಳೆಯಲು ಬೇಕೆಂದೇ ತಡವರಿಸಿದೆ. ಅವಳು ಒಂದು ಗಳಿಗೆ ನೋಡಿದಳು. ಮರುಗಳಿಗೆಗೆ ಪಿಪೆಟ್ ಅವಳ ಕೈಯಲ್ಲಿತ್ತು.

"ಕೊಡಿ ಮೇಡಂ, ನಾನು ಮಾಡ್ತೀನಿ."

"ಮಾಡಿದ್ದಾಯ್ತು. ಈಗ ನಾನೇನು ಕಲಿತೆ ಹೇಳು?"

ಅವಳು ಪಿಪೆಟ್ಟನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: "ನಮ್ಮನೇಲಿ ಕಾಯೋಕೆ ಹೊತ್ತೆಲ್ಲೈತೆ ಮೇಡಂ. ಡೈರಿಗೆ ಹಾಲು ಹಾಕೋ ಹೊತ್ನಲ್ಲಿ ಮಾವ ಕ್ಯಾನಿನ ಮುಚ್ಚಳ ಹುಡುಕ್ತಾ ನಿಂತಿರ್ತಾರೆ. ನಾನೇ ಓಡ್ಬೇಕು. ಅದೇ ಅಭ್ಯಾಸ ಆಗ್ಬಿಟ್ಟೈತೆ."

ಉಳಿದವರು ನಕ್ಕರು, ಅವಳೂ ನಕ್ಕಳು. ನಾನು ಅವಳ ಎರಡೂ ಕೈ ಹಿಡಿದು ಬೆನ್ನ ಹಿಂದೆ ಇಟ್ಟೆ. "ಇಲ್ಲಿ ಇವು ಹೀಗೇ ಇರಲಿ. ಬಾಯಿ ಇದೆ, ಕಣ್ಣು ಇದೆ. ಗಾಜು ಒಡೆಯುವ ಹಾಗಿದ್ದರೆ, ಆಸಿಡ್ ಚೆಲ್ಲುವ ಹಾಗಿದ್ದರೆ ಮಾತ್ರ ಕೈ ಮುಂದೆ ಬರಬೇಕು." ಹಗರೆಯ ಹುಡುಗನಿಗೆ ಬೇರೆಯದೇ ಕೆಲಸ ಕೊಟ್ಟೆ. ಪ್ರಶ್ನೆ ಕೇಳಿದ ಮೇಲೆ ಎದುರಿನವರು ಬಾಯಿ ಬಿಡುವ ತನಕ ಅವನು ತುಟಿ ಬಿಚ್ಚಬಾರದು. ಮೊದಲ ಎರಡು ದಿನ ಅವನು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ.

ವಾರದ ನಡುವೆ ಒಂದು ಬೆಳಿಗ್ಗೆ ಮಾದಿಹಳ್ಳಿಯವಳು ಬಸ್ಸಿಳಿದು ನೇರವಾಗಿ ನನ್ನ ಬಳಿ ಬಂದಳು. ಮುಖ ಅರಳಿತ್ತು.

"ನೆನ್ನೆ ನಮ್ಮತ್ತೆಗೆ ಫೋನಲ್ಲಿ ಫೋಟೊ ಕಳ್ಸೋದು ಹೇಳ್ಕೊಟ್ಟೆ ಮೇಡಂ. ಕೈ ಹಿಂದೆ ಕಟ್ಕೊಂಡು."

"ಏನಂದರು?"

"'ನೀನೇ ಕಳ್ಸ್‌ಬಿಡೇ, ನಂಗೆ ಅಡುಗೆ ಐತೆ' ಅಂತ ಬೈದ್ರು. ನಾನು ಮುಟ್ಟಲಿಲ್ಲ. 'ಇಲ್ಲಿ ಏನು ಕಾಣ್ತೈತೆ ಅತ್ತೆ, ಯಾವುದನ್ನ ಒತ್ತಿದ್ರೆ ಏನಾಗ್ಬೋದು' ಅಂತ ಕೇಳ್ತಾ ಹೋದೆ. ಕೊನೆಗೆ ಹೊಸದಾಗಿ ಹುಟ್ಟಿದ ಕರುವಿನ ಫೋಟೊ ಬೇಲೂರಲ್ಲಿರೋ ಮಗಳಿಗೆ ಅವರೇ ಕಳ್ಸಿದ್ರು. ಆಮೇಲೆ ಬಿಡ್ಲೇ ಇಲ್ಲ ಮೇಡಂ. ಬೆಕ್ಕು, ಬಾವಿ, ನನ್ನ ಗಂಡ ಮಲಗಿರೋದು, ಎಲ್ಲ ಹೋಯ್ತು."

ನನಗೆ ಆಗಲೇ ಧೈರ್ಯ ಬಂದಿತ್ತು.

ಮೊದಲ ಪ್ರಾಕ್ಟಿಕಲ್ ದಿನ ಮುಖ್ಯಸ್ಥರು ಹೇಳಿದ ಹಾಗೆ ಬಂದು ಕಿಟಕಿಯ ಬಳಿ ನಿಂತರು. ಪ್ರಯೋಗ ನೀರಿನ ಗಡಸುತನ ಅಳೆಯುವುದು. ಬೋರ್‌ವೆಲ್ ನೀರನ್ನು ಫ್ಲಾಸ್ಕಿಗೆ ಹಾಕಿ, ಘಾಟು ಹೊಡೆಯುವ ಅಮೋನಿಯದ ಬಫರ್ ದ್ರಾವಣ ಬೆರೆಸಿ, ಚಿಟಿಕೆ ಬಣ್ಣದ ಪುಡಿ ಹಾಕಿದರೆ ನೀರು ದ್ರಾಕ್ಷಿಯ ಕೆಂಪಾಗುತ್ತದೆ. ಬ್ಯೂರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ ಹೋದರೆ, ಒಂದು ಹನಿಗೆ ಆ ಕೆಂಪೆಲ್ಲ ಹೋಗಿ ತಿಳಿನೀಲಿ ಬರುತ್ತದೆ. ಆ ಹನಿಯನ್ನು ಹಿಡಿಯುವುದೇ ಪ್ರಯೋಗ.

ಮಾದಿಹಳ್ಳಿಯವಳ ಮೇಜಿನಲ್ಲಿ ಬೇಲೂರಿನ ಒಬ್ಬ ಹುಡುಗಿ ಇದ್ದಳು. ಅವಳು ಹನಿ ಬಿಟ್ಟಳು, ಬಿಡುತ್ತಲೇ ಹೋದಳು. ನೀಲಿ ಬರಲಿಲ್ಲ, ಮಸುಕು ಕೆಂಪೇ ಉಳಿಯಿತು. ಅಕ್ಕಪಕ್ಕದವರೆಲ್ಲ ಮುಗಿಸಿ ಕೈ ತೊಳೆಯುತ್ತಿದ್ದರು. ಹುಡುಗಿಯ ಕಣ್ಣು ತುಂಬಿ ಬಂತು. ಅವಳು ಬಫರ್ ಹಾಕುವುದನ್ನೇ ಮರೆತಿದ್ದಳು. ಅದು ನನಗೆ ಗೊತ್ತಿತ್ತು, ಕಿಟಕಿಯ ಬಳಿ ಇದ್ದ ಮುಖ್ಯಸ್ಥರಿಗೂ ಗೊತ್ತಿತ್ತು. ಅವರು ತಡೆಯಲಾರದೆ ಮೇಜಿನ ಬಳಿ ಬಂದು ಬಫರ್ ಬಾಟಲಿಗೆ ಕೈ ಚಾಚಿದರು.

"ಸರ್, ತಪ್ಪು ತಿಳ್ಕೋಬೇಡಿ" ಎಂದಳು ಮಾದಿಹಳ್ಳಿಯವಳು. ಕೈಗಳು ಬೆನ್ನ ಹಿಂದೆಯೇ ಇದ್ದವು. "ಅವಳೇ ನೋಡ್ಲಿ ಸರ್. ಇನ್ನೊಂದು ಸ್ವಲ್ಪ ಹೊತ್ತು."

ಮುಖ್ಯಸ್ಥರು ಅವಳ ಮುಖ ನೋಡಿದರು, ಬಾಟಲಿ ನೋಡಿದರು, ಕೈ ಹಿಂದಕ್ಕೆ ಎಳೆದುಕೊಂಡರು.

ಅವಳು ಹುಡುಗಿಯ ಕಡೆ ತಿರುಗಿದಳು. "ನಿನ್ನ ಫ್ಲಾಸ್ಕಿಗೂ ಪಕ್ಕದವಳ ಫ್ಲಾಸ್ಕಿಗೂ ಏನು ವ್ಯತ್ಯಾಸ ಐತೆ, ನೋಡು. ಬರೀ ಕಣ್ಣಲ್ಲೇ ನೋಡ್ಬೇಡ."

ಹುಡುಗಿ ಎರಡೂ ಫ್ಲಾಸ್ಕುಗಳನ್ನು ಬೆಳಕಿಗೆ ಹಿಡಿದಳು. ಅಲ್ಲಾಡಿಸಿದಳು. ನಂತರ, ಪಾಠದಲ್ಲಿ ಹೇಳಿಕೊಟ್ಟಂತೆ, ಪಕ್ಕದ ಫ್ಲಾಸ್ಕಿನ ಬಾಯಿಯಿಂದ ಅಂಗೈಯಲ್ಲಿ ಮೂಗಿನತ್ತ ಗಾಳಿ ಬೀಸಿಕೊಂಡಳು. ಮುಖ ಸಿಂಡರಿಸಿದಳು. ತನ್ನದಕ್ಕೂ ಹಾಗೇ ಮಾಡಿದಳು. ಮತ್ತೆ ಮಾಡಿದಳು.

"ಅಕ್ಕ, ನಂದು ಘಾಟೇ ಇಲ್ಲ" ಎಂದಳು. ಆಮೇಲೆ, ತನಗೇ ಹೇಳಿಕೊಳ್ಳುವಂತೆ, "ಅಯ್ಯೋ, ಬಫರ್ ಹಾಕಿಲ್ಲ."

ಯಾರೂ ಹೇಳದೆಯೇ ಎಲ್ಲವನ್ನೂ ಚೆಲ್ಲಿ, ತೊಳೆದು, ಮೊದಲಿನಿಂದ ಶುರು ಮಾಡಿದಳು. ಈ ಸಲ ಮೇಜಿನ ಸುತ್ತ ಅರ್ಧ ತರಗತಿಯೇ ನೆರೆದಿತ್ತು. ಕೊನೆಯ ಹನಿಗೆ ನೀಲಿ ಬಂದಾಗ ಹುಡುಗಿ ಫ್ಲಾಸ್ಕನ್ನು ಕೆಳಗಿಡಲಿಲ್ಲ. ಎತ್ತಿ ಹಿಡಿದುಕೊಂಡೇ ಎಲ್ಲರಿಗೂ ತೋರಿಸಿದಳು. ಹಗರೆಯ ಹುಡುಗ ಆ ಕಡೆಯ ಮೇಜಿನಿಂದ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು.

ಮುಖ್ಯಸ್ಥರು ಹೊರಡುವಾಗ ಬಾಗಿಲಲ್ಲಿ ನಿಂತು ಮಾದಿಹಳ್ಳಿಯವಳಿಗೆ, "ನೀವು ಎಲ್ಲಿಯವ್ರು?" ಎಂದು ಕೇಳಿದರು. ಹೇಳಿದಳು. "ಹೂಂ" ಎಂದು ಹೋದರು. ಅವರು ಬಾಯಿ ಬಿಟ್ಟು ಹೊಗಳುವವರಲ್ಲ. ಆದರೆ ಮುಂದಿನ ಸಭೆಯಲ್ಲಿ, ನಾನು ಕೇಳುವ ಮುಂಚೆಯೇ, ಭೌತಶಾಸ್ತ್ರದವರೂ ಸಸ್ಯಶಾಸ್ತ್ರದವರೂ ತಮ್ಮ ಹೊಸಬರನ್ನು ನಮ್ಮ ತರಬೇತಿಗೆ ಕಳಿಸಬೇಕು ಎಂದು ಅವರೇ ಹೇಳಿದರು.

ಬೇಲೂರಿನ ಹುಡುಗಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಹಳೇಬೀಡಿನ ಕೆರೆಯ ನೀರು ಎಷ್ಟು ಗಡಸು ಎಂದು ಅವಳಿಗೆ ತಿಳಿಯಬೇಕಿತ್ತು. ಮುಂದಿನ ಭಾನುವಾರ ಮಕ್ಕಳೂ ಸಹಾಯಕರೂ ಸೇರಿ ಕೆರೆಗೆ ಹೋದರು. ನಾನೂ ಹೋಗಿದ್ದೆ, ಆದರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿನ್ನುವುದು ಬಿಟ್ಟು ನನಗೆ ಕೆಲಸವೇ ಇರಲಿಲ್ಲ. ಎಲ್ಲಿ ನೀರು ತುಂಬಬೇಕು, ಯಾಕೆ ಅಲ್ಲೇ ತುಂಬಬೇಕು ಎಂದು ಮಕ್ಕಳೇ ವಾದ ಮಾಡುತ್ತಿದ್ದರು, ಸಹಾಯಕರು ಕೇಳುತ್ತ ನಿಂತಿದ್ದರು. ಸಂಜೆ ಅರಸೀಕೆರೆಯ ಬಸ್ಸಿಗೆ ಬಾಟಲಿಗಳನ್ನು ಹತ್ತಿಸುವಾಗ ಕಂಡಕ್ಟರ್, "ಏನ್ರಮ್ಮ, ನಿಮ್ಮೂರಲ್ಲಿ ನೀರು ಬರ್ತಾ ಇಲ್ವಾ?" ಎಂದ. ಹಗರೆಯ ಹುಡುಗ ಉತ್ತರ ಕೊಡಲು ಬಾಯಿ ತೆರೆದವನು, ತಡೆದುಕೊಂಡು ಮಕ್ಕಳ ಕಡೆ ನೋಡಿದ. ಅವರು ದಾರಿಯುದ್ದಕ್ಕೂ ಕಂಡಕ್ಟರ್‌ಗೆ ನೀರಿನ ಪಾಠ ಹೇಳಿದರು.