ಸ್ಟೀರಿಂಗ್ ಸೋರಿದ ದಿನಗಳು

ಆ ಬೀದಿಯಲ್ಲಿ ಅವನು ಎಲ್ಲರಿಗೂ ಅಳಿಯ. ಮದುವೆಗೆ ಮುಂಚೆ ಲೇತ್ ಮೆಷಿನ್ನಿನ ಮುಂದೆ ನಿಂತು ಕಬ್ಬಿಣ ಕಡೆಯುತ್ತಿದ್ದಾಗ ಟರ್ನರ್ ಎಂದು ಕರೆಯುತ್ತಿದ್ದರು. ಮದುವೆಯಾದ ವರ್ಷವೇ ಮಾವನ ಕಣ್ಣು ಮಂಜಾಯಿತು. ಮಾವನದು ಬಾಗಿಲು, ಚೌಕಟ್ಟು ಮಾರುವ ಅಂಗಡಿ. ಸಾಮಾನು ಸಾಗಿಸುವ ಪಿಕಪ್ಪಿಗೆ ಡ್ರೈವರ್ ಸಿಗುವವರೆಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೆಂಡತಿ ಹೇಳಿದಳು. ಆಮೇಲೆ ಡ್ರೈವರನ್ನು ಯಾರೂ ಹುಡುಕಲಿಲ್ಲ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಹಾಲು ಹಾಕುವವನೂ ಅವನನ್ನು “ಅಳಿಯಂದ್ರೇ” ಎಂದೇ ಕೂಗುತ್ತಾನೆ.

ಗಾಡಿ ಹೊರಟರೆ ಮಾವ ಎಡಗಡೆ ಸೀಟಿನಲ್ಲಿ ಹಾಜರು. ಕಣ್ಣು ಸರಿಯಾಗಿ ಕಾಣದಿದ್ದರೂ ದಾರಿಯೆಲ್ಲ ಬಾಯಿಪಾಠ.

“ಇಲ್ಲಿ ಎಡಕ್ಕೆ ತಗೊಳ್ಳಿ, ಅಳಿಯಂದ್ರೇ.”

ಅಳಿಯ ಆಗಲೇ ಎಡಕ್ಕೆ ತಿರುಗಿಸುತ್ತಿರುತ್ತಾನೆ. ಮಾವ ಕೆಟ್ಟವನಲ್ಲ. ಅಳಿಯನನ್ನು ಒಂದು ದಿನವೂ ಏಕವಚನದಲ್ಲಿ ಮಾತನಾಡಿಸಿದವನಲ್ಲ. ಬೈಯುವವನಾದರೆ ತಿರುಗಿ ಬೈದು ಇಳಿದು ಹೋಗಬಹುದು. ಇಷ್ಟು ಮರ್ಯಾದೆ ಕೊಡುವವನ ಮುಂದೆ ಬಾಯಿ ಬಿಡುವುದು ಹೇಗೆ?

ಸ್ಟೀರಿಂಗ್ ಆಯಿಲ್ ಸೋರಲು ಶುರುವಾದದ್ದು ಈಚೆಗೆ. ಸೋರಿದ ದಿನ ಮಾವ ಗಾಡಿಯನ್ನೂ ಅಳಿಯನನ್ನೂ ಗ್ಯಾರೇಜಿನಲ್ಲಿ ಬಿಟ್ಟು ಆಟೊದಲ್ಲಿ ಅಂಗಡಿಗೆ ಹೋಗುತ್ತಿದ್ದ. ಗ್ಯಾರೇಜಿನ ಮೂಲೆಯಲ್ಲಿ ಒಂದು ಹಳೆಯ ಲೇತ್ ಇತ್ತು. ಮೇಸ್ತ್ರಿ ಬೇರೆ ಗಾಡಿಗಳ ಕೆಲಸ ಮುಗಿಸಿ ಇದಕ್ಕೆ ಆಯಿಲ್ ತುಂಬುವಷ್ಟರಲ್ಲಿ ಅಳಿಯ ಆ ಮೆಷಿನ್ ಹಾಕಿ ಯಾರದೋ ಗಾಡಿಗೆ ಬೇಕಾದ ಬುಷ್ ಬಳೆ ಕಡೆಯುತ್ತಿದ್ದ. ಬಿಸಿ ಕಬ್ಬಿಣದ ಸುರುಳಿ ಕಾಲ ಬಳಿ ಬೀಳುತ್ತಿತ್ತು. ಊಟದ ಹೊತ್ತೂ ನೆನಪಾಗುತ್ತಿರಲಿಲ್ಲ.

“ಬಂದ್ಬಿಡೋ ಟರ್ನರ್,” ಎಂದಿದ್ದ ಮೇಸ್ತ್ರಿ ಕಳೆದ ಸಲ. “ನನ್ಗೂ ಕೈ ನಡುಗುತ್ತೆ. ಈ ತಿಂಗ್ಳು ನೋಡ್ತೀನಿ, ಆಮೇಲೆ ಮೆಷಿನ್ ಮಾರ್ತೀನಿ.”

“ಮಾವನಿಗೆ ಹೇಳ್ಬೇಕಲ್ಲ.”

“ಹೇಳೋಕೆ ಬಾಯಿದ್ಯಲ್ಲ.”

ಇವತ್ತು ಮಾವ ಅಂಗಡಿಗೆ ಹೋಗಲಿಲ್ಲ. ಟೈರಿನ ಮೇಲೆ ಹಲಗೆ ಹಾಕಿಸಿಕೊಂಡು ಕುಳಿತ. ನಿನ್ನೆ ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಗಿ, ಗಾಡಿ ಗೋಡೆಗೆ ಉಜ್ಜಿತ್ತು. ಮಾವನ ಹಣೆ ನಿಂಬೆಹಣ್ಣಿನಷ್ಟು ಊದಿತ್ತು.

“ಸೋರೋದ್ರ ಮೂಲ ಸಿಗೋವರ್ಗೂ ಏಳಲ್ಲ,” ಎಂದ.

ಮೂಲ ಅಳಿಯನಿಗೆ ಗೊತ್ತಿತ್ತು. ಆಯಿಲ್ ಡಬ್ಬಿಗೆ ವಾಪಸ್ ಬರುವ ರಬ್ಬರ್ ಪೈಪನ್ನು ಬಿಗಿ ಹಿಡಿಯುವ ಕ್ಲಾಂಪನ್ನು ಅವನೇ ಇಕ್ಕಳದಿಂದ ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತಿದ್ದ. ಹನಿ ಹನಿಯಾಗಿ ಇಳಿದರೆ ಒಂದು ದಿನ ಲೇತ್ ಸಿಗುತ್ತದೆ ಎಂಬುದಷ್ಟೇ ಅವನ ಲೆಕ್ಕ. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಗಾಳಿಗೆ ಚಕ್ರ ತಿರುಗಿಸುವ ಬಲವಿಲ್ಲ ಎಂಬುದು ಗೊತ್ತಿದ್ದೂ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಮೇಸ್ತ್ರಿ ಪೈಪುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿದ. ಮೇಲೆ ಮುಖದ ಪೌಡರ್ ಉದುರಿಸಿದ.

“ಮದುವೆ ಗಂಡಿಗೆ ಮೇಕಪ್ಪಾ?” ಎಂದು ವಾಸನೆ ಹಿಡಿದ ಮಾವ ನಕ್ಕ.

“ಎಲ್ಲಿ ಬೆವರ್ತಾನೋ ನೋಡೋಣ, ಯಜಮಾನ್ರೇ. ಅಳಿಯಂದ್ರೇ, ಹತ್ತಿ. ಇಂಜಿನ್ ಹಾಕಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗ್ಸಿ. ಕೊನೇಲಿ ಹಿಡ್ಕೊಂಡಿರ್ಬೇಡಿ, ಪಂಪ್ ಸಾಯುತ್ತೆ.”

ಅಳಿಯ ಹತ್ತಿ ಕುಳಿತ. ತನ್ನನ್ನು ಹಿಡಿದುಕೊಡುವ ಕೆಲಸ ಅವನ ಕೈಯಿಂದಲೇ ನಡೆಯಬೇಕಿತ್ತು. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಪಂಪ್ ಕುಂಯ್‌ಗುಟ್ಟಿತು. ತೆರೆದ ಬಾನೆಟ್ ಮುಂದೆ ಅಡ್ಡವಾಗಿದ್ದರಿಂದ ಮೇಸ್ತ್ರಿಯ ಮೊಣಕೈ ಮಾತ್ರ ಕಾಣುತ್ತಿತ್ತು. ಮೊಣಕೈ ನಿಂತಿತು.

“ಸಿಕ್ತಾ?” ಎಂದ ಮಾವ.

ಮೇಸ್ತ್ರಿ ಬಾನೆಟ್ಟಿನ ಪಕ್ಕಕ್ಕೆ ಬಂದು ಇಂಜಿನ್ ಆರಿಸುವಂತೆ ಸನ್ನೆ ಮಾಡಿ ಅಳಿಯನನ್ನು ಕರೆದ. ಕ್ಲಾಂಪಿನ ಕೆಳಗೆ ಪೌಡರ್ ಕೆಂಪಗೆ ನೆನೆದಿತ್ತು. ಕ್ಲಾಂಪಿನ ಕಿವಿಗಳ ಮೇಲೆ ಇಕ್ಕಳದ ಹಲ್ಲಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು.

“ಕ್ಲಾಂಪು ಸುಸ್ತಾಗಿದೆ, ಯಜಮಾನ್ರೇ!” ಎಂದು ಮೇಸ್ತ್ರಿ ಗಟ್ಟಿಯಾಗಿ ಹೇಳಿದ. ಆಮೇಲೆ ದನಿ ಇಳಿಸಿದ. “ನಿನ್ನೆ ಗೋಡೆ ಸಿಕ್ತು. ನಾಳೆ ಮನುಷ್ಯ ಸಿಕ್ತಾನೆ. ಬೇಕಾದ್ದನ್ನ ಬಾಯಲ್ಲಿ ಹೇಳೋ.”

ಅಳಿಯ ಬಟ್ಟೆ ತೆಗೆದುಕೊಂಡು ನೆನೆದ ಪೌಡರ್ ಒರೆಸಿದ.

ಮೇಸ್ತ್ರಿ ಪೈಪಿನ ಹಳೆಯ ತುದಿ ಕತ್ತರಿಸಿ, ಸ್ಕ್ರೂ ಇರುವ ಕ್ಲಾಂಪ್ ಹಾಕಿ ಬಿಗಿದ. ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಹೊಸ ಆಯಿಲ್ ತುಂಬಿ, ಇಂಜಿನ್ ಹಾಕದೆ ನಿಧಾನವಾಗಿ ಎರಡೂ ಕಡೆ ತಿರುಗಿಸುವಂತೆ ಹೇಳಿದ. ಡಬ್ಬಿಯಲ್ಲಿ ಗುಳ್ಳೆಗಳು ಎದ್ದವು, ಕಡಿಮೆಯಾದವು, ನಿಂತವು. ಮತ್ತೆ ಪೌಡರ್ ಹಾಕಿ ನೋಡಿದರೆ ಎಲ್ಲ ಒಣಗಿಯೇ ಇತ್ತು. ಮೂಲೆಯ ಲೇತ್ ಮೇಲೆ ಗೋಣಿಚೀಲ ಹೊದಿಸಿತ್ತು.

ಗಾಡಿ ರಸ್ತೆಗೆ ಬಂದಾಗ ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗುತ್ತಿತ್ತು. ಅಳಿಯ ಮಾವನ ಹಣೆಯ ಬುಗುಟನ್ನು ನೋಡಿದ.

“ಮಾವ, ನಾನು ಲೇತ್ ಕೆಲ್ಸಕ್ಕೆ ವಾಪಸ್ ಹೋಗ್ಲಾ ಅಂತ. ಮೇಸ್ತ್ರಿ ಕರೀತಿದ್ದಾರೆ. ಗಾಡಿಗೆ ಡ್ರೈವರ್ ನಾನೇ ಹುಡುಕಿ ಕೊಡ್ತೀನಿ.”

ಇಕ್ಕಳದ ವಿಷಯ ಮಾತ್ರ ಹೇಳಲಿಲ್ಲ.

ಒಂದು ತಿರುವು ಮಾವ ಹೇಳದೆಯೇ ಕಳೆಯಿತು.

“ಡ್ರೈವರ್ ಸಿಕ್ತಾನೆ, ಅಳಿಯಂದ್ರೇ,” ಎಂದ ಮಾವ ಕೊನೆಗೆ. ದನಿ ಸಣ್ಣದಾಗಿತ್ತು. “ನನ್ನ ಕಣ್ಣು ಎಷ್ಟು ಹೋಗಿದೆ ಅಂತ ಮನೇಲಿ ಯಾರಿಗೂ ಹೇಳಿಲ್ಲ. ಈಗ ನೀವು ಕಾಣ್ತಿಲ್ಲ. ನಿಮ್ಮ ಅಂಗಿ ಬೆಳ್ಳಗಿದೆ ಅನ್ನೋದಷ್ಟೇ ಗೊತ್ತಾಗುತ್ತೆ. ಇದನ್ನ ಬೇರೆಯವ್ನ ಪಕ್ಕ ಕೂತು ಹೇಳೋಕಾಗುತ್ತಾ?”

ಅಳಿಯನ ಅಂಗಿ ನೀಲಿ.

ಮುಂದೆ, ಅಂಗಡಿಗೆ ಮರ ತರುವ ಡಿಪೋದ ಗೇಟು ಕಂಡಿತು.

“ಇಲ್ಲಿ ಎಡಕ್ಕೆ ತಗೊಳ್ಳಿ,” ಎಂದ ಮಾವ.

ಅಳಿಯ ಎಡಕ್ಕೆ ತಿರುಗಿಸಿದ.